1/17 ಮತ್ತು √2: ದಶಮಾಂಶ ನೋಡಿ ಭಾಗಲಬ್ಧವೋ ಅಭಾಗಲಬ್ಧವೋ ಹೇಳುವುದು ಹೇಗೆ?

ಅಂಕಿಹುಡುಕ (ಪ್ರಶ್ನೆ)

ಭಾಗಲಬ್ಧ ಸಂಖ್ಯೆಯ ದಶಮಾಂಶ ಒಂದೋ ಮುಗಿಯುತ್ತೆ, ಇಲ್ಲವೇ ಮರುಕಳಿಸುತ್ತೆ. ಅಭಾಗಲಬ್ಧದ್ದು ಮುಗಿಯುವುದೂ ಇಲ್ಲ, ಮರುಕಳಿಸುವುದೂ ಇಲ್ಲ. ಈ ನಿಯಮ ಬಾಯಿಪಾಠ ಇದೆ, ಆದರೆ ಲೆಕ್ಕಕ್ಕೆ ಕೂತರೆ ಕೈಕೊಡುತ್ತೆ.

ಹತ್ತು ಅಂಕಿಯ ಕ್ಯಾಲ್ಕುಲೇಟರ್‌ನಲ್ಲಿ 1 ÷ 17 ಒತ್ತಿದರೆ 0.0588235294 ಬರುತ್ತೆ. √2 ಒತ್ತಿದರೆ 1.414213562. ಎರಡರಲ್ಲೂ ಏನೂ ಮರುಕಳಿಸಿದ ಹಾಗೆ ಕಾಣಲ್ಲ. ಇನ್ನೊಂದು ಕಡೆ ಆಯ್ಲರ್ ಸಂಖ್ಯೆ ‘ಇ’ 2.718281828 ಅಂತ ಬರುತ್ತೆ, 1828 ಎರಡು ಸಲ ಕಣ್ಣಿಗೆ ಹೊಡೆಯುತ್ತೆ. ಆದರೆ ಅದನ್ನು ಅಭಾಗಲಬ್ಧ ಅಂತಾರೆ! ಹಾಗಾದರೆ ಅಂಕಿ ನೋಡಿ ಪತ್ತೆ ಹಚ್ಚುವುದು ಹೇಗೆ?

ಜೊತೆಗೆ ಇನ್ನು ಮೂರು. ಛೇದದಲ್ಲಿ 2, 5 ಬಿಟ್ಟು ಬೇರೆ ಅಪವರ್ತನ ಇದ್ದರೆ ದಶಮಾಂಶ ಮುಗಿಯಲ್ಲ ಅಂತಾರಲ್ಲ, 6/15ರ ಛೇದದಲ್ಲಿ 3 ಇದ್ದೂ ಅದು 0.4ಕ್ಕೆ ನಿಂತುಬಿಡುತ್ತೆ, ಯಾಕೆ? 0.2363636… ಅನ್ನು ಭಿನ್ನರಾಶಿ ಮಾಡಲು 236/999 ಬರೆದೆ, ತಿರುಗಿ ಭಾಗಿಸಿದರೆ 0.236236… ಬಂತು, ಎಲ್ಲಿ ತಪ್ಪಿತು? ಕೊನೆಯದಾಗಿ 0.101001000100001… ಇದರಲ್ಲಿ ಕ್ರಮ ಎದ್ದು ಕಾಣುತ್ತಿದೆ, ಮುಂದೆ ಏನು ಬರುತ್ತೆ ಅಂತ ಯಾರು ಬೇಕಾದರೂ ಹೇಳಬಹುದು. ಇದು ಯಾಕೆ ಭಾಗಲಬ್ಧ ಅಲ್ಲ?

ಶೇಷಗಣಿತ

ಪರದೆಯ ಮೇಲಿನ ಅಂಕಿಗಳನ್ನು ನೋಡಿ ತೀರ್ಪು ಕೊಡಲು ಹೊರಟಿರುವುದೇ ಎಡವಟ್ಟು. ಹತ್ತು ಅಂಕಿ ಹಾಗಿರಲಿ, ಹತ್ತು ಲಕ್ಷ ಅಂಕಿ ಕೈಗಿಟ್ಟರೂ ಹೇಳಲಾಗದು. ಯಾವ ಹತ್ತು ಲಕ್ಷ ಅಂಕಿಗಳನ್ನೇ ತೆಗೆದುಕೊಳ್ಳಿ, ಅವುಗಳಿಂದ ಶುರುವಾಗುವ ಭಾಗಲಬ್ಧವೂ ಇದೆ, ಅಭಾಗಲಬ್ಧವೂ ಇದೆ. ನೋಡಬೇಕಾದ್ದು ಆ ಸಂಖ್ಯೆ ಎಲ್ಲಿಂದ ಹುಟ್ಟಿತು ಎಂಬುದನ್ನು. 1/17 ಎರಡು ಪೂರ್ಣಾಂಕಗಳ ಭಾಗಾಕಾರದಿಂದ ಹುಟ್ಟಿದ್ದು, ಅಲ್ಲಿಗೆ ವಿಷಯ ಮುಗಿಯಿತು. ನಮ್ಮ ಹೆಸರಿನಲ್ಲೇ ಇದೆಯಲ್ಲ, ಭಾಗಿಸಿ ಲಬ್ಧವಾದದ್ದು ಭಾಗಲಬ್ಧ. (ಭಾಗಾಕಾರದ ಉತ್ತರಕ್ಕೂ ಇದೇ ಪದ ಬಳಸುವುದು ಗೊಂದಲಕ್ಕೆ ದಾರಿ. ಕೆಳಗೆ ನಾನು ಆ ಉತ್ತರಕ್ಕೆ ಬರೀ ‘ಅಂಕಿ’ ಎನ್ನುತ್ತೇನೆ.)

ಮರುಕಳಿಕೆ ಏಕೆ ತಪ್ಪಿಸಲಾಗದು ಎಂಬುದು ಕೈಯಲ್ಲಿ ಭಾಗಿಸಿದರೆ ಗೊತ್ತಾಗುತ್ತದೆ. 1ನ್ನು 17ರಿಂದ ಭಾಗಿಸಿ. 1ಕ್ಕೆ ಸೊನ್ನೆ ಇಳಿಸಿದರೆ 10. ಒಮ್ಮೆಯೂ ಹೋಗುವುದಿಲ್ಲ, ಅಂಕಿ 0, ಶೇಷ 10. ಮತ್ತೆ ಸೊನ್ನೆ ಇಳಿಸಿದರೆ 100. ಐದು ಸಲ, 85 ಹೋಗಿ ಶೇಷ 15. ಈಗ 150, ಎಂಟು ಸಲ, 136 ಹೋಗಿ ಶೇಷ 14. ಈಗ 140; ಮತ್ತೆ ಎಂಟೇ ಸಲ, ಶೇಷ 4.

ಹೆಚ್ಚಿನವರು ಜಾರುವುದು ಇಲ್ಲೇ. 8 ಎರಡು ಸಲ ಬಂದ ಕೂಡಲೇ ‘ಮರುಕಳಿಸಿತು’ ಎಂದು ಮೇಲೆ ಗೆರೆ ಎಳೆದುಬಿಡುತ್ತಾರೆ. ಮೊದಲನೆಯ 8 ಬಂದಾಗ ಕೈಯಲ್ಲಿದ್ದ ಶೇಷ 15, ಎರಡನೆಯದು ಬಂದಾಗ 14. ಶೇಷ ಬೇರೆಯಾದರೆ ಮುಂದಿನ ದಾರಿಯೂ ಬೇರೆ. ಅಂಕಿ ಮರುಕಳಿಸಿದ್ದಕ್ಕೆ ಬೆಲೆಯಿಲ್ಲ, ಶೇಷ ಮರುಕಳಿಸಬೇಕು. ಆದ್ದರಿಂದ ಭಾಗಿಸುವಾಗ ಪಕ್ಕದಲ್ಲಿ ಶೇಷಗಳ ಸಾಲನ್ನೂ ಬರೆದುಕೊಳ್ಳಿ. 17ಕ್ಕೆ ಆ ಸಾಲು ಹೀಗೆ:

1, 10, 15, 14, 4, 6, 9, 5, 16, 7, 2, 3, 13, 11, 8, 12, ಮತ್ತೆ 1.

17ರಿಂದ ಭಾಗಿಸಿದಾಗ ಸೊನ್ನೆಯಲ್ಲದ ಶೇಷ ಎಂದರೆ 1ರಿಂದ 16ರವರೆಗಿನದು ಮಾತ್ರ. ಹದಿನಾರೂ ಖರ್ಚಾದ ಮೇಲೆ ಹೊಸದು ಎಲ್ಲಿಂದ ಬರಬೇಕು? ಹಳೆಯದೇ ಬರುತ್ತದೆ, ಅದರ ಹಿಂದೆ ಹಳೆಯ ಅಂಕಿಗಳೂ ಅದೇ ಸಾಲಿನಲ್ಲಿ ಬರುತ್ತವೆ. ಇಲ್ಲಿ ಆವರ್ತ, ಅಂದರೆ ಮರುಕಳಿಸುವ ತುಂಡು, 0588235294117647, ಹದಿನಾರು ಅಂಕಿ. ನಿಮ್ಮ ಕ್ಯಾಲ್ಕುಲೇಟರ್ ಹತ್ತರಲ್ಲೇ ಬಾಗಿಲು ಮುಚ್ಚಿತು, ಅಷ್ಟೇ.

ಅದೇ ಕ್ಯಾಲ್ಕುಲೇಟರ್‌ನಿಂದಲೇ ಪೂರ್ತಿ ಆವರ್ತ ತೆಗೆಯಬಹುದು. 1 ÷ 17ರಲ್ಲಿ ಮೊದಲ 8 ದಶಮಾಂಶ ಸ್ಥಾನಗಳನ್ನಷ್ಟೇ ತೆಗೆದುಕೊಳ್ಳಿ: 05882352. ಪರದೆಯ ಕೊನೆಯ ಅಂಕಿಯನ್ನು ಎಂದೂ ನಂಬಬೇಡಿ, ಅದು ಪಕ್ಕದ ಅಂಕಿಗೆ ಸರಿಹೊಂದಿಸಿ ಏರಿಸಿದ್ದಿರಬಹುದು (2 ÷ 3ಕ್ಕೆ ಕೊನೆಯಲ್ಲಿ 7 ಬರುವುದು ಹಾಗೇ). ಈಗ 5882352 × 17 = 99999984. ಇದನ್ನು 100000000ದಿಂದ ಕಳೆದರೆ 16. ಅಂದರೆ ಎಂಟು ಅಂಕಿ ಆದ ಮೇಲೆ ಕೈಯಲ್ಲಿರುವ ಶೇಷ 16. ಮುಂದೆ 16 ÷ 17 ಒತ್ತಿ: 0.9411764706. ಮತ್ತೆ ಮೊದಲ ಎಂಟು, 94117647. ಇದನ್ನು 17ರಿಂದ ಗುಣಿಸಿದರೆ 1599999999. 1600000000ದಿಂದ ಕಳೆದರೆ ಶೇಷ 1. ಹೊರಟ ಜಾಗಕ್ಕೇ ಬಂದಿರಿ. ಎರಡು ತುಂಡನ್ನೂ ಜೋಡಿಸಿದರೆ ಆವರ್ತ ಪೂರ್ತಿ.

ಆ ಎರಡು ತುಂಡುಗಳನ್ನು ಒಂದರ ಕೆಳಗೊಂದು ಬರೆದು ಕೂಡಿ ನೋಡಿ: 05882352 + 94117647 = 99999999. 1/7ರ 142857ರಲ್ಲೂ 142 + 857 = 999. ಛೇದ ಅವಿಭಾಜ್ಯವಾಗಿದ್ದು ಆವರ್ತದ ಉದ್ದ ಸಮಸಂಖ್ಯೆಯಾಗಿದ್ದರೆ ಹೀಗಾಗಲೇಬೇಕು. 1836ರಲ್ಲಿ ಮಿಡಿ ಎಂಬ ಫ್ರೆಂಚ್ ಗಣಿತಜ್ಞ ತೋರಿಸಿದ್ದು. ಉತ್ತರ ತಾಳೆ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ.

17ಕ್ಕೆ 16 ಶೇಷಗಳೂ ಬಂದವು ಎಂದ ಮಾತ್ರಕ್ಕೆ ಎಲ್ಲ ಛೇದಕ್ಕೂ ಹಾಗೆಯೇ ಆಗಬೇಕು ಎಂದೇನಿಲ್ಲ. 1/13ರ ಆವರ್ತ 076923, ಆರೇ ಅಂಕಿ. ಉಳಿದ ಆರು ಶೇಷಗಳು 2/13ರ 153846ರಲ್ಲಿ ಓಡಾಡುತ್ತವೆ. 1/41 ಎಂದರೆ 02439, ಐದೇ ಅಂಕಿ. 2 ಮತ್ತು 5 ಬಿಟ್ಟು ಬೇರೆ ಅವಿಭಾಜ್ಯ ಛೇದಕ್ಕೆ, ಆವರ್ತದ ಉದ್ದ ಛೇದಕ್ಕಿಂತ ಒಂದು ಕಡಿಮೆಯ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ, ಅಷ್ಟು ಖಚಿತ. ನಿಖರ ಉದ್ದ ಬೇಕೆಂದರೆ 9, 99, 999, 9999… ಈ ಸಾಲಿನಲ್ಲಿ ಛೇದ ಮೊದಲ ಬಾರಿಗೆ ಯಾವುದನ್ನು ನಿಶ್ಶೇಷವಾಗಿ ಭಾಗಿಸುತ್ತದೋ ಅದರ ಒಂಬತ್ತುಗಳನ್ನು ಎಣಿಸಿ. 999 = 27 × 37, ಹಾಗಾಗಿ 1/37ಕ್ಕೆ ಮೂರು ಅಂಕಿ: 027. 99999 = 9 × 41 × 271, ಹಾಗಾಗಿ 41ಕ್ಕೂ 271ಕ್ಕೂ ಐದು. 7, 17, 19, 23, 29, 47, 59, 61, 97ರಂತೆ ಪೂರ್ತಿ ಉದ್ದ ಕೊಡುವ ಅವಿಭಾಜ್ಯಗಳು ಅನಂತವಾಗಿವೆಯೇ ಎಂಬುದು ಇನ್ನೂ ಸಾಧಿಸದ ಪ್ರಶ್ನೆ. ಗಣಿತಜ್ಞ ಆರ್ಟಿನ್ 1927ರಲ್ಲಿ ‘ಇವೆ’ ಎಂದು ಊಹಿಸಿದ್ದು ಊಹೆಯಾಗಿಯೇ ಉಳಿದಿದೆ.

ಛೇದಕ

6/15: ಸಂಕ್ಷೇಪಿಸದೆ ಛೇದ ನೋಡಿದ್ದೀರಿ. ನಿಯಮ ಅತ್ಯಂತ ಸಂಕ್ಷಿಪ್ತ ರೂಪಕ್ಕೆ ಮಾತ್ರ. 6/15 = 2/5, 3 ಹೊಡೆದು ಹೋಯಿತು. 21/56 ಕೂಡ ಹೀಗೇ, 3/8 ಆಗಿ 0.375ಕ್ಕೆ ನಿಲ್ಲುತ್ತದೆ.

ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2 ಮತ್ತು 5 ಮಾತ್ರ ಉಳಿದರೆ, ಎರಡರಲ್ಲಿ ಯಾವುದರ ಘಾತ ದೊಡ್ಡದೋ ಅಷ್ಟು ಸ್ಥಾನಕ್ಕೆ ದಶಮಾಂಶ ಮುಗಿಯುತ್ತದೆ. 13/80ರಲ್ಲಿ 80 = 2⁴ × 5, ನಾಲ್ಕು ಸ್ಥಾನ: 0.1625. 7/160ರಲ್ಲಿ 160 = 2⁵ × 5, ಐದು ಸ್ಥಾನ: 0.04375. 2 ಮತ್ತು 5ರ ಜೊತೆ ಬೇರೆ ಅಪವರ್ತನವೂ ಇದ್ದರೆ ಅದೇ ಎಣಿಕೆ ಆವರ್ತಕ್ಕೆ ಮುಂಚಿನ ಅಂಕಿಗಳಿಗೆ ಅನ್ವಯಿಸುತ್ತದೆ. 28 = 2² × 7: ಎರಡು ಅಂಕಿ ಮುಂಚೆ, ಆಮೇಲೆ 7ರ ಆರು ಅಂಕಿಯ ಆವರ್ತ. 1/28 = 0.03 571428 571428… ಭಾಗಿಸದೆಯೇ ಇಷ್ಟು ಹೇಳಬಹುದು.

ಇನ್ನು 0.2363636… ನೀವು 2ನ್ನೂ ಆವರ್ತದೊಳಗೆ ಸೇರಿಸಿಕೊಂಡಿರಿ, ತಪ್ಪಿದ್ದು ಅಲ್ಲಿ. ಸಂಖ್ಯೆಯನ್ನು ‘ಸ’ ಎನ್ನೋಣ. ಆವರ್ತ ಬಿಂದುವಿನ ಪಕ್ಕಕ್ಕೇ ಬರುವಂತೆ ಒಮ್ಮೆ ಗುಣಿಸಿ: 10ಸ = 2.363636… ಇನ್ನೊಂದು ಆವರ್ತ ಬಿಂದುವನ್ನು ದಾಟುವಂತೆ ಮತ್ತೊಮ್ಮೆ: 1000ಸ = 236.363636… ಕಳೆದರೆ ಬಾಲ ಎರಡೂ ಕಡೆ ಹೊಡೆದು ಹೋಗಿ 990ಸ = 234. ಸ = 234/990 = 13/55. 55 = 5 × 11, ಅಂದರೆ ಮುಂಚೆ ಒಂದು ಅಂಕಿ, ಆಮೇಲೆ ಎರಡು ಅಂಕಿಯ ಆವರ್ತ. ತಾಳೆಯಾಯಿತು.

ಬಾಯಿಲೆಕ್ಕಕ್ಕೆ: ಛೇದದಲ್ಲಿ ಆವರ್ತದ ಪ್ರತಿ ಅಂಕಿಗೆ ಒಂದು 9, ಅದರ ಹಿಂದೆ ಆವರ್ತವಲ್ಲದ ಪ್ರತಿ ಅಂಕಿಗೆ ಒಂದು 0. ಅಂಶದಲ್ಲಿ 236ರಿಂದ 2ನ್ನು ಕಳೆಯುವುದನ್ನು ಮರೆಯಬೇಡಿ. ಮರೆತರೆ 236/990, ಅದು 0.2383838… ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ ಇರಬೇಕು, ಯಾಕೆಂದರೆ ಉತ್ತರ ನೋಡಲು ಸರಿಯಾಗಿಯೇ ಕಾಣುತ್ತದೆ. ತಿರುಗಿ ಭಾಗಿಸಿ ನೋಡುವ ನಿಮ್ಮ ಅಭ್ಯಾಸ ಬಿಡಬೇಡಿ.

ಮೂಲಬೇರು

ಉಳಿದದ್ದು ಅಭಾಗಲಬ್ಧದ ಕಡೆ. ಶೇಷಗಣಿತ ಅವರು ಹೇಳಿದ ಹಾಗೆ, ಅಂಕಿಗಳನ್ನು ಎಣಿಸಿ ಯಾರೂ √2ನ್ನು ಅಭಾಗಲಬ್ಧ ಎಂದು ಸಾಧಿಸಿಲ್ಲ. ದಾರಿ ತಿರುಗುಮುರುಗು: ಮೊದಲು ಅದು ಭಿನ್ನರಾಶಿಯಾಗಲಾರದು ಎಂದು ತೋರಿಸುತ್ತಾರೆ, ಮರುಕಳಿಸುವುದಿಲ್ಲ ಎಂಬುದು ಅದರ ಹಿಂದೆಯೇ ಬರುತ್ತದೆ.

√2ಕ್ಕೆ ತೀರಾ ಚಿಕ್ಕ ಸಾಧನೆ ಇದು. ಸಂಕ್ಷಿಪ್ತ ರೂಪದ ಒಂದು ಭಿನ್ನರಾಶಿ ತೆಗೆದುಕೊಳ್ಳಿ, ಅಂಶ ಮತ್ತು ಛೇದಕ್ಕೆ ಸಾಮಾನ್ಯ ಅಪವರ್ತನ ಇಲ್ಲ. ಅದನ್ನು ವರ್ಗ ಮಾಡಿದರೆ ಅಂಶದಲ್ಲೂ ಛೇದದಲ್ಲೂ ಹಳೆಯ ಅವಿಭಾಜ್ಯಗಳೇ ಎರಡೆರಡು ಸಲ ಬರುತ್ತವೆ. ಹೊಸದೇನೂ ಸೇರುವುದಿಲ್ಲ, ಹೊಡೆದುಹಾಕಲು ಏನೂ ಸಿಗುವುದಿಲ್ಲ. ಛೇದ 1 ಅಲ್ಲದಿದ್ದರೆ ಛೇದದ ವರ್ಗವೂ 1 ಅಲ್ಲ. ಹಾಗಾಗಿ ಪೂರ್ಣಾಂಕವಲ್ಲದ ಭಿನ್ನರಾಶಿಯ ವರ್ಗ ಎಂದೂ ಪೂರ್ಣಾಂಕವಾಗದು, 2 ಆಗುವ ಮಾತೇ ಇಲ್ಲ. ಇದೇ ಮಾತು √3, √5, √6, √7ಕ್ಕೂ ನಡೆಯುತ್ತದೆ. ಪೂರ್ಣ ವರ್ಗವಲ್ಲದ ಯಾವ ಪೂರ್ಣಾಂಕದ ವರ್ಗಮೂಲವೂ ಅಭಾಗಲಬ್ಧ.

ಕ್ಯಾಲ್ಕುಲೇಟರ್‌ನ ಉತ್ತರವನ್ನೇ ಪರೀಕ್ಷಿಸಿ. 1.414213562ನ್ನು ಕೈಯಲ್ಲಿ ವರ್ಗ ಮಾಡಿದರೆ 1.999999998944727844. ಕೊನೆಯ ಅಂಕಿ 2 ಇದ್ದದ್ದು 4 ಆಯಿತು. ಮುಗಿಯುವ ಯಾವ ದಶಮಾಂಶವನ್ನೇ ತೆಗೆದುಕೊಳ್ಳಿ, ಅದರ ಸೊನ್ನೆಯಲ್ಲದ ಕೊನೆಯ ಅಂಕಿಯ ವರ್ಗ 1, 4, 5, 6, 9 ಇವುಗಳಲ್ಲೊಂದರಲ್ಲಿ ಕೊನೆಯಾಗುತ್ತದೆ, ಸೊನ್ನೆಯಲ್ಲಿ ಅಲ್ಲ. ಹಾಗಾಗಿ ಬಾಲ ಉದ್ದವಾಗುತ್ತದೆಯೇ ಹೊರತು ಮಾಯವಾಗಿ 2 ಎಂದು ನಿಲ್ಲುವುದಿಲ್ಲ. (ಇದು √2 ಮುಗಿಯುವುದಿಲ್ಲ ಎಂಬುದನ್ನು ಮಾತ್ರ ತೋರಿಸುತ್ತದೆ. ಮರುಕಳಿಸುವುದೂ ಇಲ್ಲ ಎನ್ನಲು ಮೇಲಿನ ವಾದವೇ ಬೇಕು.)

‘ಇ’ಯಲ್ಲಿ 1828 ಎರಡು ಸಲ ಬರುವುದು ಬರೀ ಕಾಕತಾಳೀಯ. ಮುಂದಕ್ಕೆ ನೋಡಿ: 2.718281828459045… ಮೂರನೆಯ ಸಲ 1828 ಬರಲಿಲ್ಲ, 4590 ಬಂತು. ಅದು ಅಭಾಗಲಬ್ಧ ಎಂದು ಆಯ್ಲರ್ 1737ರಲ್ಲೂ, ಪೈ ಅಭಾಗಲಬ್ಧ ಎಂದು ಲ್ಯಾಂಬರ್ಟ್ 1761ರಲ್ಲೂ ಸಾಧಿಸಿದರು. ಪೈಯಲ್ಲಿ ಇದಕ್ಕಿಂತ ದೊಡ್ಡ ಮೋಸವಿದೆ: 762ನೆಯ ದಶಮಾಂಶ ಸ್ಥಾನದಿಂದ ಒಂದೇ ಸಮನೆ ಆರು 9. ಅಲ್ಲಿಗೆ ಓದು ನಿಲ್ಲಿಸಿದವರಿಗೆ ಆವರ್ತ ಶುರುವಾಯಿತು ಎನಿಸಿದರೆ ಅಚ್ಚರಿಯಿಲ್ಲ.

ಪೈ ಎಂದರೆ 22/7 ಎಂದು ಬರೆದು ‘ಭಾಗಲಬ್ಧ’ ಎನ್ನುವವರೂ ಇದ್ದಾರೆ. 22/7 = 3.142857…, ಪೈ = 3.141592…, ಮೂರನೆಯ ಸ್ಥಾನದಲ್ಲೇ ಬೇರೆಯಾಗುತ್ತವೆ. 355/113 = 3.14159292… ಆರು ಸ್ಥಾನದವರೆಗೆ ಜೊತೆಗೆ ಬಂದು ಕೈಬಿಡುತ್ತದೆ. ಅದರ ಆವರ್ತ 112 ಅಂಕಿ ಉದ್ದ. ಆರ್ಯಭಟನ 62832/20000 ಎಂದರೆ 3.1416, ಮುಗಿಯುವ ದಶಮಾಂಶ. ಅವನು ಅದನ್ನು ‘ಆಸನ್ನ’, ಹತ್ತಿರದ್ದು, ಎಂದೇ ಕರೆದಿದ್ದ.

0.101001000100001…ಕ್ಕೆ ಬರೋಣ. ಕ್ರಮ ಇರುವುದು ಬೇರೆ, ಆವರ್ತ ಇರುವುದು ಬೇರೆ. ಆವರ್ತ ಎಂದರೆ ಒಂದೇ ಉದ್ದದ ಒಂದೇ ತುಂಡು ಕೊನೆಯಿಲ್ಲದೆ ಬರಬೇಕು. ಇಲ್ಲಿ 1ರ ನಡುವಿನ ಸೊನ್ನೆಗಳು ಹೆಚ್ಚುತ್ತಲೇ ಹೋಗುತ್ತವೆ. ಆವರ್ತ 50 ಅಂಕಿಯದು ಎಂದು ಯಾರಾದರೂ ಹಟ ಹಿಡಿದರೆ, ಆವರ್ತ ಶುರುವಾದ ಮೇಲೆ ನೂರು ಸೊನ್ನೆ ಒಟ್ಟಿಗೆ ಬರುವ ಜಾಗಕ್ಕೆ ಕರೆದೊಯ್ಯಿರಿ. ಪೂರ್ತಿ ಒಂದು ಆವರ್ತ ಆ ಸೊನ್ನೆಗಳೊಳಗೇ ಕೂರುತ್ತದೆ, ಅಂದರೆ ಆವರ್ತವೇ ಸೊನ್ನೆ, ಅಂದರೆ ಮುಂದೆ 1 ಬರಲೇಬಾರದು. ಆದರೆ ಬರುತ್ತದೆ. 50ರ ಜಾಗದಲ್ಲಿ ಯಾವ ಸಂಖ್ಯೆ ಇಟ್ಟರೂ ಇದೇ ಗತಿ.

ಇದರ ಜೊತೆಗಾರನನ್ನೂ ನೋಡಿ: 1 ಇರುವಲ್ಲಿ 0, 0 ಇರುವಲ್ಲಿ 1 ಬರೆದರೆ 0.010110111011110… ಅದೂ ಅಭಾಗಲಬ್ಧ. ಎರಡನ್ನೂ ಕೂಡಿದರೆ 0.111111…, ಅಂದರೆ 1/9! ‘ಅಭಾಗಲಬ್ಧಗಳ ಮೊತ್ತ ಅಭಾಗಲಬ್ಧ’ ಎಂದು ಬರೆಯುವವರಿಗೆ ಇದೊಂದು ಸಾಕು.

ಅಂಕಿಹುಡುಕ

ಎಲ್ಲರಿಗೂ ಧನ್ಯವಾದ. ಶೇಷದ ಸಾಲು ಬರೆದ ಮೇಲೆ ತಲೆಗೆ ಹೋಯಿತು. ಒಂದು ಹೊಸ ತಲೆಬಿಸಿ: ಪೈಥಾನ್‌ನಲ್ಲಿ 1/17ನ್ನು 50 ದಶಮಾಂಶ ಸ್ಥಾನಕ್ಕೆ ಮುದ್ರಿಸಿದೆ. ಮೊದಲ ಹದಿನಾರು ಸರಿ, ಆಮೇಲೆ ಆವರ್ತ ಮತ್ತೆ ಶುರುವಾಗಬೇಕಿತ್ತು, ಸ್ವಲ್ಪದರಲ್ಲೇ ಏನೇನೋ ಅಂಕಿ ಬಂತು. ನಿಯಮ ಮುರಿಯಿತಾ? ಹಾಗೆಯೇ, 0.999…ನ್ನು ಛೇದಕ ಅವರ ರೀತಿಯಲ್ಲಿ ಮಾಡಿದರೆ 9/9 ಬರುತ್ತಿದೆ. ಎಲ್ಲೋ ತಪ್ಪಿರಬೇಕು ಅಲ್ವಾ?

ಎರಡರಮಗ್ಗಿ

ನಿಯಮಕ್ಕೆ ಏನೂ ಆಗಿಲ್ಲ. ನೀವು ಮುದ್ರಿಸಿದ್ದು 1/17 ಅಲ್ಲ, ಅದರ ಪಕ್ಕದ ಮನೆಯವನನ್ನು. ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಎರಡರ ಮಾನದಲ್ಲಿ, ಸಾಮಾನ್ಯವಾಗಿ 53 ಬಿಟ್‌ಗಳಲ್ಲಿ ಇಡುತ್ತದೆ. ಎರಡರ ಮಾನದಲ್ಲಿ ಮುಗಿಯಬೇಕಾದರೆ ಛೇದ 2ರ ಘಾತವೇ ಆಗಿರಬೇಕು, 5ಕ್ಕೂ ಅಲ್ಲಿ ವಿನಾಯಿತಿ ಇಲ್ಲ. ಹಾಗಾಗಿ ನಮಗೆ ಅಚ್ಚುಕಟ್ಟಾಗಿ ಮುಗಿಯುವ 0.1 ಕೂಡ ಅಲ್ಲಿ 0.0001100110011… ಎಂದು ಮರುಕಳಿಸುತ್ತದೆ. ಅದನ್ನು 53 ಬಿಟ್‌ಗೆ ಕತ್ತರಿಸಿ ಇಟ್ಟಾಗ ಒಳಗೆ ಕೂರುವುದು 3602879701896397/2⁵⁵, ದಶಮಾಂಶದಲ್ಲಿ 0.10000000000000000555… ಎಂದು ಹೋಗುವ ಸಂಖ್ಯೆ. 0.1 + 0.2 ಕೇಳಿದರೆ 0.30000000000000004 ಬರುವುದು ಇದರಿಂದಲೇ.

1/17ಕ್ಕೂ ಇದೇ ಕತ್ತರಿ. ಸುಮಾರು 17 ಸ್ಥಾನದವರೆಗೆ ಮಾತ್ರ ಅಂಕಿಗಳು 1/17ರವು. ಆಮೇಲಿನವು ಆ ಪಕ್ಕದ ಸಂಖ್ಯೆಯ ನಿಜವಾದ ಅಂಕಿಗಳು. ಅದರ ಛೇದ 2ರ ಘಾತವಾದ್ದರಿಂದ ಅದು ಒಂದು ಕಡೆ ಮುಗಿದೂ ಬಿಡುತ್ತದೆ. √2 ಕೇಳಿದರೂ ಕೈಗೆ ಬರುವುದು ಭಾಗಲಬ್ಧವೇ: ಅದನ್ನು ವರ್ಗ ಮಾಡಿಸಿ, 2.0000000000000004 ಎನ್ನುತ್ತದೆ. ಹೀಗೆ ಇಟ್ಟ ಸಂಖ್ಯೆಯ ಮೇಲೆ ‘ಭಾಗಲಬ್ಧವೇ?’ ಎಂಬ ಪರೀಕ್ಷೆ ಬರೆಯುವುದೇ ವ್ಯರ್ಥ. ಉತ್ತರ ಯಾವಾಗಲೂ ಹೌದು.

ಆವರ್ತ ಬೇಕಿದ್ದರೆ ಪೂರ್ಣಾಂಕಗಳಲ್ಲೇ ಕೆಲಸ ಮಾಡಿ. ಎಕ್ಸೆಲ್ ಸಾಕು: ಮೊದಲ ಕಾಲಂನಲ್ಲಿ ಶೇಷ, 1ರಿಂದ ಶುರು. ಎರಡನೆಯ ಕಾಲಂನಲ್ಲಿ ಅಂಕಿ, ಅಂದರೆ ಶೇಷದ ಹತ್ತರಷ್ಟನ್ನು 17ರಿಂದ ಭಾಗಿಸಿದಾಗ ಬರುವ ಪೂರ್ಣ ಭಾಗ. ಕೆಳಗಿನ ಸಾಲಿನ ಶೇಷಕ್ಕೆ ‘ಮಾಡ್’ ಫಂಕ್ಷನ್ ಹಾಕಿ, ಮೇಲಿನ ಶೇಷದ ಹತ್ತರಷ್ಟು ಮತ್ತು 17 ಕೊಡಿ. ಕೆಳಕ್ಕೆ ಎಳೆಯಿರಿ. ಹಳೆಯ ಶೇಷ ಕಂಡಲ್ಲಿ ನಿಲ್ಲಿಸಿ. ಎಷ್ಟು ಅಂಕಿ ಬೇಕಾದರೂ ಒಂದೂ ತಪ್ಪಿಲ್ಲದೆ ಸಿಗುತ್ತದೆ. ಪೈಥಾನ್‌ನಲ್ಲೇ ಬೇಕೆಂದರೆ ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಡುವ ‘ಫ್ರಾಕ್ಷನ್’ ಇದೆ; ಆದರೆ 0.1ನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಡಿ. ಬರೀ 0.1 ಕೊಟ್ಟರೆ 1/10ರ ಬದಲು ಮೇಲಿನ ಆ ದೈತ್ಯ ಭಿನ್ನರಾಶಿ ಬಂದು ಕೂರುತ್ತದೆ.

ಛೇದಕ

0.999… = 9/9 = 1. ತಪ್ಪಿಲ್ಲ, ಒಂದೇ ಸಂಖ್ಯೆಗೆ ಎರಡು ಬರಹ. ಸೊನ್ನೆಯಲ್ಲದ, ಮುಗಿಯುವ ಎಲ್ಲ ದಶಮಾಂಶಕ್ಕೂ ಈ ಎರಡನೆಯ ರೂಪ ಇದೆ: 0.4 = 0.3999…, 0.24 = 0.23999… ಮುಗಿಯದವಕ್ಕೆ ಒಂದೇ ರೂಪ. ಭಾಗಾಕಾರ ಮಾಡುವಾಗ ಈ 9ರ ಬಾಲ ಎಂದೂ ಎದುರಾಗುವುದಿಲ್ಲ. ಅದೇ ಶೇಷ ಉಳಿದು 9 ಮತ್ತೆ ಮತ್ತೆ ಬರಬೇಕಾದರೆ ಶೇಷದ ಹತ್ತರಷ್ಟು = ಭಾಜಕದ ಒಂಬತ್ತರಷ್ಟು + ಅದೇ ಶೇಷ ಆಗಬೇಕು, ಅಂದರೆ ಶೇಷ ಭಾಜಕಕ್ಕೆ ಸಮ. ಶೇಷ ಅಷ್ಟು ದೊಡ್ಡದಾಗಲು ಭಾಗಾಕಾರ ಬಿಡುವುದಿಲ್ಲ.

ಅಂಕಿಹುಡುಕ

1/19 ಮಾಡಿ ನೋಡಿದೆ. ಮೊದಲ 9 ಸ್ಥಾನ 052631578; 19ರಿಂದ ಗುಣಿಸಿದರೆ 999999982, ಶೇಷ 18. ಉಳಿದ ಅರ್ಧವನ್ನು ಭಾಗಿಸಲೇ ಇಲ್ಲ, ಪ್ರತಿ ಅಂಕಿಯನ್ನೂ 9ರಿಂದ ಕಳೆದು 947368421 ಬರೆದೆ. ಒಟ್ಟು ಆವರ್ತ 052631578947368421. ಅರ್ಧಕ್ಕೆ ಶೇಷ 18, ಅಂದರೆ ಛೇದಕ್ಕಿಂತ ಒಂದು ಕಡಿಮೆ ಬಂತು, ಹಾಗಾಗಿ ಆವರ್ತ ಪೂರ್ತಿ 18 ಅಂಕಿ. ಸರಿಯಾ?

ಶೇಷಗಣಿತ

ಉತ್ತರ ಸರಿ, ಕೊನೆಯ ‘ಹಾಗಾಗಿ’ ಸ್ವಲ್ಪ ಅವಸರದ್ದು. ಅದೇ ಮಾತನ್ನು 11ಕ್ಕೆ ಹಚ್ಚಿ ನೋಡಿ. 10ರ ಅರ್ಧ 5; 1/11ರಲ್ಲಿ ಐದು ಅಂಕಿ 09090 ಆದ ಮೇಲೆ ಶೇಷ 100000 − 9090 × 11 = 10, ಛೇದಕ್ಕಿಂತ ಒಂದು ಕಡಿಮೆಯೇ. 9ರಿಂದ ಕಳೆದರೆ 90909, ಜೋಡಿಸಿದರೆ 0909090909. ಅಂಕಿಗಳೆಲ್ಲ ಸರಿ, ಆದರೆ ಆವರ್ತ ಹತ್ತಲ್ಲ, ಎರಡೇ.

ಅರ್ಧಕ್ಕೆ ಆ ಶೇಷ ಬಂದರೆ ಖಚಿತವಾಗುವುದು ಇಷ್ಟೇ: ಆವರ್ತದ ಉದ್ದ ಪೂರ್ತಿಯನ್ನು ಭಾಗಿಸುತ್ತದೆ, ಅರ್ಧವನ್ನು ಭಾಗಿಸುವುದಿಲ್ಲ. 17ಕ್ಕೆ 16ನ್ನು ಭಾಗಿಸಿ 8ನ್ನು ಭಾಗಿಸದ್ದು 16 ಒಂದೇ, ಅದಕ್ಕೇ ಅಲ್ಲಿ ಮಾತು ಅಲ್ಲಿಗೇ ಮುಗಿಯಿತು. 19ಕ್ಕೆ 18ನ್ನು ಭಾಗಿಸಿ 9ನ್ನು ಭಾಗಿಸದವು 2, 6, 18. 2 ಮತ್ತು 6ನ್ನು ತಳ್ಳಿಹಾಕಬೇಕು. 999999 = 27 × 7 × 11 × 13 × 37, ಇದರಲ್ಲಿ 19 ಇಲ್ಲ, ಹಾಗಾಗಿ 6 ಅಲ್ಲ. 99 ಇದೇ 999999ನ್ನು ಭಾಗಿಸುವುದರಿಂದ ಅದರಲ್ಲೂ 19 ಇರಲಾರದು, 2 ಕೂಡ ಅಲ್ಲ. ಉಳಿದದ್ದು 18.